ವಿದ್ಯುತ್ತಿನ ಹಾದಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟಗಳು ದೂರದಿಂದ ನೋಡುವವರಿಗೆ ಹಸುರಿನ ರಾಶಿಯಾಗಿ ಕಾಣುತ್ತವೆ. ಅಲ್ಲಿ ದುಡಿದು ಬಾಳುವವರಿಗೆ ಆ ಹಸುರಿನ ನಡುವೆ ಕಬ್ಬಿಣದ ಸಂಸಾರವೂ ಒಂದುಂಟು. ಹಣ್ಣಿನ ಸಿಪ್ಪೆಯನ್ನು ಸುಲಿಯುವ ಪಲ್ಪರ್ ಯಂತ್ರ, ಹಳ್ಳದಿಂದ ನೀರೆತ್ತುವ ಪಂಪು, ಹೂಮಳೆ ಬಾರದ ವರ್ಷ ನೀರು ಚಿಮುಕಿಸುವ ಜೆಟ್ಟುಗಳ ಕಾಲುಗಳು, ಗೊಬ್ಬರ ಸಾಗಿಸುವ ಟ್ರೈಲರು, ತೋಟದ ಬಾಗಿಲಿನ ಗೇಟು ಮೊದಲಾದವೆಲ್ಲ ಲೋಹದವು. ವರ್ಷದಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆಗೆ ಲೋಹ ತುಕ್ಕು ಹಿಡಿಯುತ್ತದೆ. ಕೊಯ್ಲಿನ ಕಾಲದ ಅವಸರದ ದುಡಿಮೆಗೆ ಮುರಿಯುತ್ತದೆ. ಮುರಿದ ಒಂದು ತಿರುಗಣೆಯನ್ನು ಬೆಸೆಯಿಸಿಕೊಂಡು ಬರಲು ಘಟ್ಟದ ದಾರಿಯಲ್ಲಿ ಪೇಟೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಅಷ್ಟರಲ್ಲಿ ಕೊಯ್ದಿಟ್ಟ ಹಣ್ಣು ಕಾಯುತ್ತ ಕೂರುವುದಿಲ್ಲ. ಆದುದರಿಂದಲೇ ಈಗ ಅನೇಕ ತೋಟದ ಮನೆಗಳ ಶೆಡ್ಡುಗಳಲ್ಲಿ, ಜೀಪಿನ ಪಕ್ಕದಲ್ಲಿ, ಬೆಸುಗೆಯ ಯಂತ್ರವೊಂದು ಕಾಣಿಸಿಕೊಳ್ಳುತ್ತಿದೆ.

ಹಿಂದಿನ ಬೆಸುಗೆ ಯಂತ್ರಗಳು ಗಾಲಿಯ ಮೇಲೆ ಎಳೆಯಬೇಕಾದಷ್ಟು ಭಾರವಾಗಿದ್ದವು. ಇಂದಿನ ಇನ್ವರ್ಟರ್ ಮಾದರಿಯ ಯಂತ್ರವನ್ನಾದರೋ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಅದರ ಗಾತ್ರವನ್ನು ಕಂಡವರು, ಮಿಕ್ಸಿಯಂತೆ ಇದನ್ನೂ ಹತ್ತಿರದ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕೆಂದು ಭಾವಿಸುವುದು ಸಹಜ. ಆದರೆ ಯಂತ್ರ ಹಗುರವಾದ ಮಾತ್ರಕ್ಕೆ ಅದರ ಹಸಿವು ಕಡಿಮೆಯಾಗುವುದಿಲ್ಲ. ಬೆಸುಗೆ ಆರಂಭವಾದೊಡನೆ ಮನೆಯ ದೀಪಗಳು ಮಂಕಾಗುತ್ತವೆ. ಪ್ಲಗ್ಗು ಬಿಸಿಯಾಗಿ ಪ್ಲಾಸ್ಟಿಕ್ಕಿನ ವಾಸನೆ ಹೊಮ್ಮುತ್ತದೆ. ಇದು ಯಂತ್ರದ ತಪ್ಪಲ್ಲ. ವಿದ್ಯುತ್ತು ನಾವು ಕೊಟ್ಟ ಹಾದಿಯಲ್ಲಿ ಹರಿಯುತ್ತದೆ. ಆ ಹಾದಿ ಕಿರಿದಾದರೆ ಅದನ್ನು ಸುಡುತ್ತದೆ. ಹಾದಿ ತಪ್ಪಿದರೆ ತೇವದ ಗೋಡೆ, ಕಬ್ಬಿಣದ ಕಂಬ, ಮನುಷ್ಯನ ಮೈ ಯಾವುದಾದರೂ ಅದಕ್ಕೆ ಒಂದೇ. ಶೆಡ್ಡಿಗೆ ವಿದ್ಯುನ್ಮಂಡಲವನ್ನು ಜೋಡಿಸುವುದೆಂದರೆ ವಿದ್ಯುತ್ತಿಗೆ ಎರಡು ಹಾದಿಗಳನ್ನು ಸಿದ್ಧಪಡಿಸುವುದು: ಕೆಲಸ ಮಾಡುವಾಗ ಹರಿಯಲು ಒಂದು, ಕೆಡುಕು ಸಂಭವಿಸಿದಾಗ ಯಾರಿಗೂ ಕೇಡಾಗದಂತೆ ಹರಿದುಹೋಗಲು ಇನ್ನೊಂದು.

ನಮ್ಮ ನಾಡಿಗೆ ಈ ಹಾದಿಯ ವಿಚಾರ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಗಳ ಮೂಲಕ ಸಾಗಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಷ್ಟು ದೂರ ಸಾಗಿಸುವಾಗ ತಂತಿಯಲ್ಲಿಯೇ ಶಕ್ತಿ ಶಾಖವಾಗಿ ಸೋರಿಹೋಗಬಾರದೆಂದು ಎಂಜಿನಿಯರುಗಳು ವೋಲ್ಟನ್ನು ಬಹಳ ಏರಿಸಿದರು. ವೋಲ್ಟು ಹೆಚ್ಚಾದಷ್ಟೂ, ಅದೇ ಪ್ರಮಾಣದ ಶಕ್ತಿಯನ್ನು ಒಯ್ಯಲು ಬೇಕಾಗುವ ಪ್ರವಾಹ ಕಡಿಮೆಯಾಗುತ್ತದೆ. ಇಂದು ಮಲೆನಾಡಿನ ಕಾಡುಗಳನ್ನು ದಾಟಿ ಬರುವ ತಂತಿಗಳಲ್ಲಿಯೂ ಇದೇ ತತ್ತ್ವ. ಅವು 11,000 ವೋಲ್ಟಿನಲ್ಲಿ ಬಂದು, ಕಂಬದ ಮೇಲಿನ ಪರಿವರ್ತಕದಲ್ಲಿ ಇಳಿದು, ನಮ್ಮ ಮೀಟರಿಗೆ 230 ವೋಲ್ಟಿನಲ್ಲಿ ತಲಪುತ್ತವೆ. ಅಲ್ಲಿಯವರೆಗಿನ ಹಾದಿಯ ಹೊಣೆ ವಿದ್ಯುತ್ ಸರಬರಾಜು ಕಂಪನಿಯದು. ಮೀಟರಿನಿಂದ ಶೆಡ್ಡಿನವರೆಗಿನ ಕೊನೆಯ ನೂರಾರು ಅಡಿಗಳ ಹೊಣೆ ಮಾತ್ರ ಮನೆಯವರದು.

ಹಾದಿಯನ್ನು ಅಳೆಯುವ ಮುನ್ನ ಅದರಲ್ಲಿ ಸಾಗುವ ಹೊರೆಯನ್ನು ಅಳೆಯಬೇಕು. ಬೆಸುಗೆಯ ಯಂತ್ರ ಮಾಡುವ ಕೆಲಸವೇನು? ಲೋಹದ ಕಡ್ಡಿಯೊಂದನ್ನು ಬೆಸೆಯಬೇಕಾದ ಭಾಗಕ್ಕೆ ತಾಗಿಸಿ ಕೂದಲೆಳೆಯಷ್ಟು ಹಿಂದೆ ತೆಗೆದರೆ, ನಡುವಿನ ಗಾಳಿಯ ಮೂಲಕವೇ ಪ್ರವಾಹ ಹರಿದು ಕಣ್ಣು ಕೋರೈಸುವ ಜ್ವಾಲೆ ಉಂಟಾಗುತ್ತದೆ. ಇದೇ ವಿದ್ಯುತ್ ಚಾಪ. ಉಕ್ಕು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಚಾಪದ ಶಾಖ ಅದರ ಹಲವು ಪಟ್ಟು ಹೆಚ್ಚು. ಈ ಜ್ವಾಲೆಯಿಂದ ಲೋಹಗಳನ್ನು ಬೆಸೆಯಬಹುದೆಂದು 1880ರ ದಶಕದಲ್ಲಿ ರಷ್ಯಾ ಸಾಮ್ರಾಜ್ಯದ ನಿಕೊಲಾಯ್ ಬೆನಾರ್ಡೋಸ್ ತೋರಿಸಿಕೊಟ್ಟನು. ಕಡ್ಡಿಗೆ ರಾಸಾಯನಿಕ ಲೇಪವನ್ನು ಕೊಟ್ಟು ಕರಗಿದ ಲೋಹವನ್ನು ಗಾಳಿಯಿಂದ ರಕ್ಷಿಸುವ ಉಪಾಯವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್ಬೆರಿ ಕಂಡುಹಿಡಿದನು. ಇಂದಿಗೂ ನಮ್ಮ ಶೆಡ್ಡುಗಳಲ್ಲಿ ಬಳಕೆಯಲ್ಲಿರುವುದು ಬಹುಮಟ್ಟಿಗೆ ಇಂತಹ ಲೇಪದ ಕಡ್ಡಿಯೇ.

ಸಾಧಾರಣವಾದ ಗೇಟನ್ನು ಬೆಸೆಯುವಾಗ ಚಾಪಕ್ಕೆ ಸುಮಾರು 25 ವೋಲ್ಟು ಮತ್ತು 100 ಆಂಪಿಯರ್ ಬೇಕೆಂದು ಇಟ್ಟುಕೊಳ್ಳೋಣ. ಇವೆರಡನ್ನೂ ಗುಣಿಸಿದರೆ 2500 ವಾಟ್ ದೊರೆಯುತ್ತದೆ. ಯಂತ್ರದೊಳಗೆ ವ್ಯಯವಾಗುವುದನ್ನೂ ಕೂಡಿಸಿದರೆ 3000 ವಾಟನ್ನು ಮೀರುತ್ತದೆ. ಪರ್ಯಾಯ ಪ್ರವಾಹದಲ್ಲಿ ಯಂತ್ರ ಎಳೆದುಕೊಳ್ಳುವುದೆಲ್ಲವೂ ಉಪಯುಕ್ತ ಶಕ್ತಿಯಾಗಿ ಪರಿಣಮಿಸುವುದಿಲ್ಲವಾದ ಕಾರಣ, 230 ವೋಲ್ಟಿನ ತಂತಿಯಿಂದ ಅದು ಸೆಳೆಯುವ ಪ್ರವಾಹ ಸುಮಾರು 20 ಆಂಪಿಯರ್ ಆಗಬಹುದು. ಮನೆಯ ದೊಡ್ಡ ಪ್ಲಗ್ಗಿನ ಸಾಮರ್ಥ್ಯ 16 ಆಂಪಿಯರ್ ಮಾತ್ರ. ಮಲೆನಾಡಿನ ಕೆಲವು ಒಂಟಿ ಮನೆಗಳಲ್ಲಿ ತೊರೆಯ ನೀರನ್ನು ಕೊಳವೆಯಲ್ಲಿ ಇಳಿಸಿ, ಪುಟ್ಟ ಚಕ್ರವನ್ನು ತಿರುಗಿಸಿ ಸುಮಾರು ಒಂದು ಕಿಲೋವಾಟ್ ವಿದ್ಯುತ್ತನ್ನು ಪಡೆಯುವುದುಂಟು. ಒಂದು ಸಂಸಾರದ ದೀಪಗಳನ್ನೆಲ್ಲ ಬೆಳಗಿಸಲು ಅದು ಧಾರಾಳವಾಗಿ ಸಾಕು. ಅಂತಹ ಮೂರು ಚಕ್ರಗಳ ಶಕ್ತಿಯನ್ನು ಒಂದು ಬೆಸುಗೆಯ ಕಡ್ಡಿ ನುಂಗಿಬಿಡುತ್ತದೆ.

ಪ್ರತಿಯೊಂದು ಯಂತ್ರದ ಮೈಮೇಲೂ ಅದರ ಗರಿಷ್ಠ ಪ್ರವಾಹವನ್ನು ನಮೂದಿಸಿದ ಫಲಕವಿರುತ್ತದೆ. ಎಷ್ಟು ಹೊತ್ತು ಬೆಸೆಯಬಹುದೆಂಬ ದುಡಿಮೆಯ ಪ್ರಮಾಣವೂ ಅಲ್ಲಿರುತ್ತದೆ. ಪ್ರಮಾಣ 60 ಶೇಕಡ ಎಂದಿದ್ದರೆ, ಹತ್ತು ನಿಮಿಷಗಳಲ್ಲಿ ಆರು ನಿಮಿಷ ದುಡಿದು ನಾಲ್ಕು ನಿಮಿಷ ವಿಶ್ರಮಿಸಬೇಕೆಂದು ಅರ್ಥ. ಈ ಫಲಕವನ್ನು ಓದದೆ ತಂತಿಯನ್ನು ಕೊಳ್ಳಲು ಹೋಗುವುದು, ಕಾಲಿನ ಅಳತೆಯಿಲ್ಲದೆ ಚಪ್ಪಲಿಯನ್ನು ಕೊಂಡಂತೆ. ಶೆಡ್ಡಿನ ಹೊರೆಯನ್ನೂ ಸೇರಿಸಿದರೆ ಮನೆಗೆ ಮಂಜೂರಾಗಿರುವ ವಿದ್ಯುತ್ ಪ್ರಮಾಣ ಸಾಕಾಗುವುದೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಇನ್ನು ತಂತಿಯ ವಿಷಯ. ಎಂತಹ ಉತ್ತಮ ವಾಹಕವಾದರೂ ಪ್ರವಾಹಕ್ಕೆ ಒಂದಿಷ್ಟು ರೋಧವನ್ನು ಒಡ್ಡಿಯೇ ಒಡ್ಡುತ್ತದೆ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಈ ರೋಧವನ್ನು ದಾಟುವಾಗ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ಜೇಮ್ಸ್ ಜೌಲ್ ತೋರಿಸಿದನು. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಮನೆಯ ಮುಖ್ಯ ಹಲಗೆಯಿಂದ ಶೆಡ್ಡು 40 ಮೀಟರ್ ದೂರದಲ್ಲಿದೆ ಎನ್ನೋಣ. ಹೋಗುವ ತಂತಿ, ಮರಳುವ ತಂತಿ ಎರಡೂ ಸೇರಿ 80 ಮೀಟರ್. ದೀಪಗಳಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಎಳೆದರೆ ಅದರ ರೋಧ ಸುಮಾರು ಒಂದು ಓಮ್. ಅದರಲ್ಲಿ 20 ಆಂಪಿಯರ್ ಹರಿದರೆ ದಾರಿಯಲ್ಲಿಯೇ 20 ವೋಲ್ಟು ಕಳೆದುಹೋಗುತ್ತದೆ. 400 ವಾಟ್ ಶಾಖ ತಂತಿಯ ಮೈಯಲ್ಲಿ ಹುಟ್ಟುತ್ತದೆ. ಅದರ ಬದಲು 6 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ಕಳೆದುಹೋಗುವುದು 5 ವೋಲ್ಟು, ಹುಟ್ಟುವ ಶಾಖ 100 ವಾಟ್. ತೆಳುವಾದ ತಂತಿಯನ್ನು ಕೊಂಡು ಉಳಿಸಿದ ಹಣವನ್ನು ಆ ತಂತಿಯೇ ಪ್ರತಿದಿನವೂ ಸುಡುತ್ತಿರುತ್ತದೆ.

ತಂತಿಯ ಹೊದಿಕೆಗೂ ಇಲ್ಲಿ ಶತ್ರುಗಳು ಹೆಚ್ಚು. ಶೆಡ್ಡಿನ ಇಲಿ ಅದನ್ನು ಕಡಿಯುತ್ತದೆ. ಆಷಾಢದ ಗಾಳಿಗೆ ಮುರಿದ ಸಿಲ್ವರ್ ಓಕ್ ಮರದ ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಆದುದರಿಂದ ಗೋಡೆಯ ಮೇಲಿನ ತಂತಿಗೆ ಕೊಳವೆಯ ರಕ್ಷಣೆ ಬೇಕು. ಅಂಗಳವನ್ನು ದಾಟುವ ತಂತಿಗೆ, ಉಕ್ಕಿನ ಕವಚವುಳ್ಳ ಕೇಬಲ್ಲನ್ನು ಗುದ್ದಲಿಯ ಏಟು ತಾಗದಷ್ಟು ಆಳದಲ್ಲಿ ಹೂಳುವುದು ಲೇಸು. ಸುರುಳಿ ಸುತ್ತಿದ ಉದ್ದನೆಯ ತಂತಿಯನ್ನು ಬಿಚ್ಚದೆಯೇ ಯಂತ್ರಕ್ಕೆ ಜೋಡಿಸುವುದು ಹಲವೆಡೆ ರೂಢಿಯಲ್ಲಿದೆ. ಸುರುಳಿಯ ಒಳಗಿನ ಶಾಖಕ್ಕೆ ಹೊರಬರಲು ದಾರಿ ಸಿಗದೆ ಹೊದಿಕೆ ಕರಗಿಹೋಗುತ್ತದೆಂಬುದನ್ನು ಅರಿತವರು ಹಾಗೆ ಮಾಡಲಾರರು.

ಹಾದಿಗೊಬ್ಬ ಕಾವಲುಗಾರನೂ ಬೇಕು. ಹಿಂದೆ ಪಿಂಗಾಣಿಯ ಹಿಡಿಯಲ್ಲಿ ಕೂರಿಸಿದ ಫ್ಯೂಸಿನ ತಂತಿ ಈ ಕೆಲಸವನ್ನು ಮಾಡುತ್ತಿತ್ತು. ಪ್ರವಾಹ ಮಿತಿಮೀರಿದರೆ ಅದು ತಾನು ಕರಗಿ ಮನೆಯನ್ನು ಉಳಿಸುತ್ತಿತ್ತು. ಈಗ ಅದರ ಸ್ಥಾನಕ್ಕೆ ಎಂ.ಸಿ.ಬಿ. ಎಂಬ ಸ್ವಯಂಚಾಲಿತ ಗುಂಡಿ ಬಂದಿದೆ. ಯಾವುದೇ ಆಗಲಿ, ಕಾವಲುಗಾರನು ಕಾಯುವುದು ಗೋಡೆಯೊಳಗಿನ ತಂತಿಯನ್ನು. ಇದರಿಂದ ಒಂದು ಸರಳ ನಿಯಮ ದೊರೆಯುತ್ತದೆ: ಯಂತ್ರದ ಹೊರೆಗಿಂತ ಕಾವಲಿನ ಮಿತಿ ಕಡಿಮೆಯಾಗಬಾರದು, ಕಾವಲಿನ ಮಿತಿಗಿಂತ ತಂತಿಯ ಸಾಮರ್ಥ್ಯ ಕಡಿಮೆಯಾಗಬಾರದು. 20 ಆಂಪಿಯರಿನ ಹೊರೆಗೆ 32 ಆಂಪಿಯರಿನ ಕಾವಲು, ಅದನ್ನು ಹೊರಬಲ್ಲ 6 ಚದರ ಮಿಲಿಮೀಟರಿನ ತಂತಿ, ತುದಿಯಲ್ಲಿ 32 ಆಂಪಿಯರಿನದೇ ಕೈಗಾರಿಕಾ ಮಾದರಿಯ ಪ್ಲಗ್ಗು ಇವು ಪರಸ್ಪರ ಹೊಂದುತ್ತವೆ. ಯಂತ್ರ ಆರಂಭವಾಗುವ ಕ್ಷಣದಲ್ಲಿ ಪ್ರವಾಹ ಒಮ್ಮೆಲೇ ಏರುವುದರಿಂದ, ಅಷ್ಟಕ್ಕೇ ಬೆದರಿ ಬೀಳದ ‘ಸಿ’ ಅಥವಾ ‘ಡಿ’ ಬಗೆಯ ಎಂ.ಸಿ.ಬಿ.ಯನ್ನು ಆರಿಸುತ್ತಾರೆ. ಈ ಮಂಡಲದಲ್ಲಿ ದೀಪವಾಗಲಿ ಪಂಪಾಗಲಿ ಪಾಲುಗೊಳ್ಳಬಾರದು. ಮುಖ್ಯ ಹಲಗೆಯಿಂದ ಹೊರಟ ತಂತಿ ನೇರವಾಗಿ ಬೆಸುಗೆಯ ಪ್ಲಗ್ಗನ್ನೇ ಸೇರಬೇಕು. ಪ್ಲಗ್ಗಿನ ಬಳಿಯಲ್ಲಿ, ಕೈಗೆ ಸುಲಭವಾಗಿ ಎಟುಕುವಂತೆ, ಎರಡು ತಂತಿಗಳನ್ನೂ ಒಮ್ಮೆಗೇ ಕಡಿಯುವ ಸ್ವಿಚ್ಚು ಇರಬೇಕು.

ಫ್ಯೂಸು ಮತ್ತೆ ಮತ್ತೆ ಸುಟ್ಟುಹೋದಾಗ ಅದರ ಜಾಗದಲ್ಲಿ ದಪ್ಪನೆಯ ತಾಮ್ರದ ಎಳೆಗಳನ್ನು ಸುತ್ತಿ ಸಮಾಧಾನಪಡುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಎಂ.ಸಿ.ಬಿ. ಬೀಳುತ್ತಿದೆಯೆಂದು, ತಂತಿಯನ್ನು ಬದಲಿಸದೆ, ಅದಕ್ಕಿಂತ ದೊಡ್ಡದನ್ನು ತಂದು ಕೂರಿಸುವವರೂ ಇದ್ದಾರೆ. ಇದು ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯಿಗೆ ಹಗ್ಗ ಬಿಗಿದಂತೆ. ಬೊಗಳು ನಿಲ್ಲುತ್ತದೆ, ಕಳ್ಳ ನಿಲ್ಲುವುದಿಲ್ಲ. ಒಣಗಿದ ಕಾಫಿಯ ಗೋಣಿಚೀಲಗಳನ್ನು ಪೇರಿಸಿಟ್ಟ ಶೆಡ್ಡಿನಲ್ಲಿ ಕಾದು ಕೆಂಪಾದ ಒಂದು ಗೇಣು ತಂತಿ ಮಾಡಬಲ್ಲ ಅನಾಹುತವನ್ನು ಊಹಿಸುವುದು ಕಷ್ಟವಲ್ಲ. ಇಡೀ ವರ್ಷದ ದುಡಿಮೆ ಆ ಚೀಲಗಳಲ್ಲಿರುತ್ತದೆ.

ಇಲ್ಲಿಯವರೆಗೆ ಹೇಳಿದುದು ಕೆಲಸದ ಹಾದಿ. ಎರಡನೆಯದು ಕೆಡುಕಿನ ಹಾದಿ, ಅದೇ ಭೂಸಂಪರ್ಕ. ಯಂತ್ರದೊಳಗಿನ ಜೀವಂತ ತಂತಿ ಅಕಸ್ಮಾತ್ತಾಗಿ ಲೋಹದ ಕವಚಕ್ಕೆ ತಗುಲಿದರೆ, ಆ ವಿದ್ಯುತ್ತು ಮುಟ್ಟಿದವನ ಮೈಯನ್ನು ಹಾಯದೆ ನೆಲಕ್ಕೆ ಇಳಿಯಲೆಂದು ಕವಚಕ್ಕೆ ಹಸುರು ಬಣ್ಣದ ತಂತಿಯನ್ನು ಜೋಡಿಸಿ, ಅದನ್ನು ನೆಲದಲ್ಲಿ ಹೂತ ಲೋಹದ ಕೊಳವೆಗೆ ಸೇರಿಸುತ್ತಾರೆ. ಕೊಳವೆಯ ಸುತ್ತ ಇದ್ದಿಲು, ಉಪ್ಪುಗಳನ್ನು ತುಂಬಿ ನೀರು ಹಾಕುವುದು ಮಣ್ಣಿನ ರೋಧವನ್ನು ಕಡಿಮೆ ಮಾಡಲೆಂದು. ಮಳೆಗಾಲದಲ್ಲಿ ನಮ್ಮ ನೆಲ ತೊಯ್ದು ವಿದ್ಯುತ್ತನ್ನು ಚೆನ್ನಾಗಿ ಹೀರುತ್ತದೆ. ಅದೇ ನೆಲ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಕಲ್ಲುಮಣ್ಣಿನ ಜಾಗವಾದರೆ ರೋಧ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಪರೀಕ್ಷಿಸಿ ಸರಿಯಾಗಿದೆಯೆಂದ ಭೂಸಂಪರ್ಕ ಬೇಸಗೆಯಲ್ಲಿಯೂ ಸರಿಯಾಗಿರುತ್ತದೆಂದು ನಂಬುವಂತಿಲ್ಲ.

ಈ ಮಾತಿನ ತೂಕವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಬೇಸಗೆಯಲ್ಲಿ ನಮ್ಮ ಭೂಸಂಪರ್ಕದ ರೋಧ 8 ಓಮ್, ದೂರದ ಪರಿವರ್ತಕದ ಭೂಸಂಪರ್ಕದ್ದು 2 ಓಮ್, ಒಟ್ಟು 10 ಓಮ್ ಎಂದು ಭಾವಿಸೋಣ. ಕವಚಕ್ಕೆ ಜೀವಂತ ತಂತಿ ತಗುಲಿದಾಗ ನೆಲದ ಮೂಲಕ ಹರಿಯುವ ಪ್ರವಾಹ 230ನ್ನು 10ರಿಂದ ಭಾಗಿಸಿದಷ್ಟು, ಎಂದರೆ 23 ಆಂಪಿಯರ್. ನಮ್ಮ ಕಾವಲಿನ ಮಿತಿ 32 ಆಂಪಿಯರ್. ಕಾವಲುಗಾರನಿಗೆ ಇದರಲ್ಲಿ ಅಸಹಜವೇನೂ ಕಾಣಿಸುವುದಿಲ್ಲ, ಅವನು ಸುಮ್ಮನಿರುತ್ತಾನೆ. ಆದರೆ ಯಂತ್ರದ ಕವಚ 184 ವೋಲ್ಟಿನಲ್ಲಿ ನಿಂತಿರುತ್ತದೆ. ಒದ್ದೆಯಾದ ಮನುಷ್ಯದೇಹದ ರೋಧವನ್ನು ಸುಮಾರು 1000 ಓಮ್ ಎಂದು ಹಿಡಿದರೆ, ಅದನ್ನು ಮುಟ್ಟಿದವನ ಮೈಯಲ್ಲಿ 184 ಮಿಲಿಆಂಪಿಯರ್ ಹರಿಯುತ್ತದೆ. ಇದರ ಹತ್ತನೆಯ ಒಂದು ಭಾಗವೇ ಹಿಡಿದ ಕೈಯನ್ನು ಬಿಡಲಾಗದಂತೆ ಸೆಟೆಸಬಲ್ಲದು. ಇಡಿಯಾಗಿ ಹರಿದರೆ ಹೃದಯದ ಬಡಿತವೇ ಏರುಪೇರಾಗಿ ನಿಂತುಹೋಗಬಹುದು.

ಆದಕಾರಣ ಎಂ.ಸಿ.ಬಿ.ಯ ಜೊತೆಗೆ ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಸಾಧನ ಅತ್ಯಗತ್ಯ. ಅದು ಶ್ಯಾನುಭೋಗನಂತೆ, ಹೋದ ಪ್ರವಾಹವನ್ನೂ ಮರಳಿದ ಪ್ರವಾಹವನ್ನೂ ಸದಾ ತಾಳೆ ನೋಡುತ್ತಿರುತ್ತದೆ. ಎರಡರ ನಡುವೆ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೂ, ವಿದ್ಯುತ್ತು ಎಲ್ಲಿಯೋ ಹಾದಿ ತಪ್ಪಿದೆಯೆಂದು ಅರಿತು ಕ್ಷಣಾರ್ಧದಲ್ಲಿ ಮಂಡಲವನ್ನು ಕಡಿದುಬಿಡುತ್ತದೆ. ಹೊರೆ ಹೆಚ್ಚಾದುದನ್ನು ಗುರುತಿಸುವುದು ಇದರ ಕೆಲಸವಲ್ಲ. ಸೋರಿಕೆಯನ್ನು ಗುರುತಿಸುವುದು ಎಂ.ಸಿ.ಬಿ.ಯ ಕೆಲಸವಲ್ಲ. ಆದುದರಿಂದ ಎರಡೂ ಇರಬೇಕು. ಆರ್.ಸಿ.ಸಿ.ಬಿ.ಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದು ಎಚ್ಚರವಾಗಿದೆಯೇ ಎಂದು ನೋಡಿಕೊಳ್ಳಬೇಕು.

ಆದರೂ ಬೆಸೆಯುವವನು ಮೈಮರೆಯುವಂತಿಲ್ಲ. ಕಡ್ಡಿಯ ತುದಿಯಲ್ಲಿರುವ ವಿದ್ಯುತ್ತು ಯಂತ್ರದೊಳಗಿನ ಪರಿವರ್ತಕದಿಂದ ಬೇರ್ಪಟ್ಟು ಬರುವುದರಿಂದ, ಅಲ್ಲಿಯ ಆಘಾತ ಆರ್.ಸಿ.ಸಿ.ಬಿ.ಯ ಲೆಕ್ಕಕ್ಕೆ ಸಿಗುವುದಿಲ್ಲ. ಬೆಸುಗೆ ನಿಂತಾಗ ಕಡ್ಡಿಯಲ್ಲಿರುವ 60ರಿಂದ 80 ವೋಲ್ಟು ಒಣ ಕೈಗೆ ಅಲ್ಪವೆನಿಸಿದರೂ, ಮಳೆಯಲ್ಲಿ ತೊಯ್ದು ಬರಿಗಾಲಿನಲ್ಲಿ ನಿಂತವನ ಪ್ರಾಣವನ್ನು ತೆಗೆಯಬಲ್ಲದು. ಒಣಗಿದ ಚರ್ಮದ ಕೈಚೀಲ, ರಬ್ಬರಿನ ಅಟ್ಟೆಯ ಬೂಟು, ನಿಲ್ಲಲು ಒಣ ಹಲಗೆ, ಕಣ್ಣಿಗೆ ದಟ್ಟ ಬಣ್ಣದ ಗಾಜಿನ ಮುಖವಾಡ, ಹತ್ತಿರದಲ್ಲಿ ಒಂದು ಬಕೆಟ್ಟು ಮರಳು ಇವಿಷ್ಟೂ ಇಲ್ಲದೆ ಕೆಲಸವನ್ನು ಆರಂಭಿಸಬಾರದು. ಗೋಣಿಚೀಲ, ಡೀಸೆಲ್ ಡಬ್ಬಗಳನ್ನು ದೂರವಿಡಬೇಕು.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ವಿದ್ಯುತ್ತಿಲ್ಲದಿರುವುದು ಈ ಸೀಮೆಗೆ ಹೊಸದಲ್ಲ. ಆಗ ಜನರೇಟರನ್ನು ಚಾಲನೆ ಮಾಡಿ ಶೆಡ್ಡಿನ ಕೆಲಸವನ್ನು ಸಾಗಿಸುತ್ತಾರೆ. ಕೆಲವರು ಅದರ ತಂತಿಯನ್ನು ಪ್ಲಗ್ಗೊಂದಕ್ಕೆ ಸಿಕ್ಕಿಸಿ ಇಡೀ ಮನೆಗೆ ವಿದ್ಯುತ್ತನ್ನು ಹರಿಸುವುದುಂಟು. ಆಗ ಆ ವಿದ್ಯುತ್ತು ಮೀಟರನ್ನು ದಾಟಿ, ಹಿಮ್ಮುಖವಾಗಿ ಕಂಬದ ಪರಿವರ್ತಕವನ್ನು ಸೇರುತ್ತದೆ. 11,000 ವೋಲ್ಟನ್ನು 230ಕ್ಕೆ ಇಳಿಸುವ ಅದೇ ಪರಿವರ್ತಕ, ಹಿಂದಿನಿಂದ ಬಂದ 230ನ್ನು 11,000ಕ್ಕೆ ಏರಿಸುತ್ತದೆ. ಮೈಲಿಯಾಚೆ ಸುರಿಯುವ ಮಳೆಯಲ್ಲಿ ಕಂಬವನ್ನೇರಿ, ತಂತಿ ಸತ್ತಿದೆಯೆಂದು ನಂಬಿ ಕೈಯಿಟ್ಟ ಲೈನ್‌ಮನ್ನನಿಗೆ ಅದು ಮೃತ್ಯುವಾಗಬಹುದು. ಅವನು ಬಂದಿರುವುದು ನಮ್ಮ ಮನೆಗೆ ಬೆಳಕನ್ನು ಮರಳಿಸಲು. ಕಂಬದ ವಿದ್ಯುತ್ತು ಮತ್ತು ಜನರೇಟರಿನ ವಿದ್ಯುತ್ತು ಎಂದಿಗೂ ಒಂದಾಗದಂತೆ ತಡೆಯುವ ಬದಲಾವಣೆಯ ಸ್ವಿಚ್ಚೊಂದನ್ನು ಹಾಕಿಸಿದರೆ ಈ ಅಪಾಯ ತಪ್ಪುತ್ತದೆ. ನಮ್ಮ ಮನೆಯ ಮಂಡಲ ನಮ್ಮ ಅಂಗಳದಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದನ್ನೆಲ್ಲ ಓದಿದ ವಿದ್ಯಾರ್ಥಿಯು ಕೂಡಲೇ ಇಕ್ಕಳವನ್ನು ಹಿಡಿದು ಶೆಡ್ಡಿಗೆ ಹೊರಡಬಾರದು. ಇಂತಹ ಜೋಡಣೆಯನ್ನು ಪರವಾನಗಿ ಪಡೆದ ಗುತ್ತಿಗೆದಾರನ ಮೂಲಕ, ಅರ್ಹತೆಯುಳ್ಳ ಕೆಲಸಗಾರರಿಂದಲೇ ಮಾಡಿಸಬೇಕೆಂದು ಕಾನೂನು ವಿಧಿಸುತ್ತದೆ. ನಮ್ಮ ರಾಜ್ಯದಲ್ಲಿ ಆ ಪರವಾನಗಿಯನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಹಾಗಾದರೆ ಮನೆಯವರು ಇದನ್ನು ತಿಳಿದು ಪ್ರಯೋಜನವೇನು? ಕೆಲಸಗಾರನಿಗೆ ಸರಿಯಾದ ಪ್ರಶ್ನೆಗಳನ್ನು ಕೇಳಬಹುದು. ಯಂತ್ರದ ಫಲಕವನ್ನು ನೋಡಿದಿರಾ? ತಂತಿಯ ದಪ್ಪವನ್ನು ಯಾವ ಲೆಕ್ಕದಿಂದ ಆರಿಸಿದಿರಿ? ಭೂಸಂಪರ್ಕದ ರೋಧವನ್ನು ಉಪಕರಣದಿಂದ ಅಳೆದಿರಾ? ಬಲ್ಲ ಕೆಲಸಗಾರನು ಇಂತಹ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ತನ್ನ ವಿದ್ಯೆಯನ್ನು ಗೌರವಿಸುವವರು ಸಿಕ್ಕರೆಂದು ಸಂತೋಷಪಡುತ್ತಾನೆ. ಅಗ್ಗಕ್ಕೆ ಮಾಡಿಕೊಡುವವನನ್ನೇ ಹುಡುಕುವ ಮನೆಯವರು, ಅವನು ಬಿಟ್ಟುಹೋದ ಕೆಲಸದ ಬೆಲೆಯನ್ನು ಬಳಿಕ ತೆರಬೇಕಾಗುತ್ತದೆ.

ಒಳ್ಳೆಯ ಮಂಡಲ ಕಣ್ಣಿಗೆ ಬೀಳುವುದಿಲ್ಲ. ಹೂತ ಕೊಳವೆ, ಗೋಡೆಯೊಳಗಿನ ತಂತಿ, ಮುಚ್ಚಿದ ಪೆಟ್ಟಿಗೆಯೊಳಗಿನ ಕಾವಲು ಇವುಗಳನ್ನು ಯಾರೂ ಹೊಗಳುವುದಿಲ್ಲ. ಜನರು ಮೆಚ್ಚುವುದು ಬೆಸೆದು ನಿಂತ ಗೇಟನ್ನು. ಆದರೆ ಆ ಗೇಟನ್ನು ಬೆಸೆದವನು ಸಂಜೆ ಸುಖವಾಗಿ ಮನೆಗೆ ಮರಳುವುದು ಈ ಕಾಣದ ಕೆಲಸದ ಬಲದಿಂದ. ವಿದ್ಯುತ್ತು ಬೇರೆ ಹಾದಿಯನ್ನು ಹುಡುಕಿಕೊಳ್ಳುವ ಮುನ್ನ ಸರಿಯಾದ ಹಾದಿಯನ್ನು ಸಿದ್ಧಪಡಿಸಿಡುವುದು ಅದನ್ನು ಬಳಸುವ ಪ್ರತಿಯೊಬ್ಬರ ಕರ್ತವ್ಯ.